ಬಾಣಂತಿಯ ತಲೆನೋವು

ಹೆರಿಗೆಯಾಗಿ ವಾರ ಕಳೆಯುವುದರೊಳಗೆ ನೇತ್ರಾ ತಲೆ ಸಿಡಿಯುತ್ತಿದೆ ಎಂದಳು. ಕಣ್ಣು ಮಂಜಾಗಿತ್ತು. ಬಲಗೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಅತ್ತೆ ಸೊಸೆಯ ತಲೆಗೆ ಬಿಗಿದಿದ್ದ ಬಟ್ಟೆಯನ್ನು ಬಿಚ್ಚಿ ಎಸೆದು, "ಆಟೋ ಕರಿ, ದೊಡ್ಡಾಸ್ಪತ್ರೆಗೆ ಹೋಗ್ಬೇಕು" ಎಂದು ಮಗನಿಗೆ ಹೇಳಿದರು.

ಮಗ ಬಾಗಿಲಿಗೆ ಅಡ್ಡ ನಿಂತ. "ಪುರುಡು ಕಳೀದೆ ಬಾಣಂತಿ ಹೊಸ್ತಿಲು ದಾಟ್ತಾಳೇನಮ್ಮ? ಶೀತ ಅಷ್ಟೇ. ಹಣೆಗೆ ಶುಂಠಿ ಅರೆದು ಹಚ್ಚು."

"ದಾರಿ ಬಿಡು."

"ಜನ ಏನಂತಾರೆ?"

"ಏನಾದ್ರೂ ಅನ್ಲಿ. ನನ್ನ ಹೆಸರು ಹೇಳು."

"ನನ್ನ ಹೆತ್ತಾಗ ನೀನು ದಾಟಿದ್ಯಾ?"

ಅವರು ಸೊಸೆಯ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಎಬ್ಬಿಸಿದರು.

"ನಿನ್ನ ಹೆತ್ತಿದ್ದು ನಾನಲ್ಲ, ನನ್ನಕ್ಕ. ಅವಳೂ ಹೀಗೇ ತಲೆನೋವು ಅಂದಿದ್ಲು. ಹೊಸ್ತಿಲು ದಾಟಿಸಿದ್ದು ಹೆಣವಾದ ಮೇಲೆ."