ಅಂತರಪಟ ಸರಿದಾಗ

ವೇಗವಾಗಿ ಪ್ರಯಾಣ ಮಾಡಿದಷ್ಟೂ ಬೇಗ ವಯಸ್ಸಾಗುತ್ತದೆ ಎಂಬುದು ಕಾದಂಬಿನಿಗೆ ಗೊತ್ತಿಲ್ಲದ್ದೇನಲ್ಲ. ಅವಳ ಮದುವೆಗೆಂದು ಮೈಸೂರಿನ ಛತ್ರಕ್ಕೆ ಎತ್ತಿನ ಗಾಡಿಯಲ್ಲಿ ಬಂದ ಅಜ್ಜಿ ಹೊರಟಾಗ ಹೇಗಿದ್ದಳೋ ಹಾಗೇ ಇದ್ದಳು. ಕುದುರೆ ಏರಿ ಬಂದ ಚಿಕ್ಕಪ್ಪನ ಮೀಸೆ ಅಲ್ಲಲ್ಲಿ ನೆರೆತಿತ್ತು. ಬಸ್ಸಿನಲ್ಲಿ ಬಂದ ಸೋದರತ್ತೆ ಬಂದವಳೇ ಕನ್ನಡಿ ಮುಂದೆ ಕೂತು ತಲೆಗೆ ಬಣ್ಣ ಹಚ್ಚಿಕೊಂಡಳು. ವಿಮಾನವನ್ನಂತೂ ಸಾವಿನ ಸುದ್ದಿ ಬಂದವರಷ್ಟೇ ಹತ್ತುತ್ತಿದ್ದರು.

ಗಾಡಿ ಕಟ್ಟಿ ಹೊರಟಿದ್ದ ಮದುಮಗ ಜಯತೀರ್ಥ, ಅಚ್ಚು ಮುರಿದು ಹುಬ್ಬಳ್ಳಿಯಲ್ಲೇ ನಿಂತಿದ್ದಾನೆಂದು ನಿನ್ನೆ ಸುದ್ದಿ ಬಂದಿತ್ತು. ಇವತ್ತು ಬೆಳಿಗ್ಗೆ ಅಪ್ಪ "ಹುಡುಗ ಬಂದಾಯ್ತಮ್ಮ" ಎಂದಾಗ ಅವಳಿಗೆ ಹೋದ ಜೀವ ಬಂದಂತಾಯಿತು.

ಪುರೋಹಿತರು ಇಬ್ಬರ ನಡುವಿನ ಅಂತರಪಟ ಸರಿಸಿದರು. ಜೀರಿಗೆ ಬೆಲ್ಲ ಹಿಡಿದ ಅವಳ ಕೈ ಅಲ್ಲೇ ನಿಂತಿತು. ಬಾಸಿಂಗದ ಕೆಳಗೆ ಸುಕ್ಕು ಮುಖ, ಬೊಚ್ಚು ಬಾಯಿ. ಕಣ್ಣು ಮಾತ್ರ ಜಯತೀರ್ಥನವೇ.

"ವಿಮಾನದಾಗ ಬಂದೆ," ಎಂದ ಆ ಮುದುಕ. "ಮುಹೂರ್ತ ತಪ್ಪಬಾರದು ಅಂತ ನಿಮ್ಮ ಅಪ್ಪಾರು ಫೋನ್ ಮಾಡಿದ್ರು."

ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಗಡಿಯಾರ ನೋಡುತ್ತಿದ್ದರು.

"ಸದ್ಯ, ಮುಹೂರ್ತ ಇನ್ನೂ ಮೀರಿಲ್ಲ. ಯಾಕೆ ನಿಂತೆ? ಹಾಕಮ್ಮ, ಅವರ ತಲೆ ಮೇಲೆ ಹಾಕು."