ನೀಲಿ ಕೂದಲಿನವನ ಕಾರ್ಡು

ಟಿಣ್.

ದಿಂಬಿನಡಿಯಲ್ಲಿ ಫೋನು ಸಣ್ಣಗೆ ದನಿ ಮಾಡಿತು. ಸರ್ವಮಂಗಳ ಉಸಿರು ಬಿಗಿಹಿಡಿದು ಪಕ್ಕಕ್ಕೆ ನೋಡಿದಳು. ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ತಡವಾಗಿ ಬಂದಿದ್ದ ಗಂಡ ಗೊರಕೆ ಹೊಡೆಯುತ್ತಿದ್ದ. ಅವಳು ಹೊದಿಕೆಯೊಳಗೆ ಮುಖ ಹುದುಗಿಸಿಕೊಂಡು ಓದಿದಳು.

"ರಿಯಾ, ಮಲಗಿದ್ಯೇನೇ? ನೀಲಿ ಕೂದಲಿನವನ ಹೊಸ ಬ್ಯಾಡ್ಜ್ ಬಂದಿದೆ, ನೋಡಿದ್ಯಾ?"

ರಿಯಾ ಎಂದರೆ ಸರ್ವಮಂಗಳಳೇ. ಕುಣಿಗಲ್‌ನ ಕಾಲೇಜು ಹುಡುಗಿ, ಆ ನೀಲಿ ಕೂದಲಿನವನಿರುವ ಕೊರಿಯಾದ ಹಾಡುಗಾರ ಹುಡುಗರ ತಂಡದ ಅಭಿಮಾನಿ ಎಂದು ಇನ್‌ಸ್ಟಾಗ್ರಾಂನಲ್ಲಿ ಹೇಳಿಕೊಂಡಿದ್ದಳು. ಮಾತಾಡುತ್ತಿದ್ದುದು 'ನೀಲಿಚುಕ್ಕಿ' ಎಂಬ ಐಡಿಯ ಜೊತೆ. ಅದು ಮಗಳು ಪಲ್ಲವಿಯದು. ಮಗಳ ಬೆನ್ನ ಹಿಂದೆ ನಿಂತು ಕಣ್ಣಾರೆ ನೋಡಿದ್ದಳು.

ಬೇರೆ ದಾರಿ ಇರಲಿಲ್ಲ. ಮಗಳ ಫೋನು ಕಿತ್ತುಕೊಂಡು ರಂಪ ಮಾಡಿದ ದಿನದಿಂದ ಪಲ್ಲವಿಯ ಬಾಯಲ್ಲಿ "ಹ್ಞೂಂ", "ಗೊತ್ತಿಲ್ಲ" ಬಿಟ್ಟರೆ ಬೇರೆ ಮಾತಿರಲಿಲ್ಲ. ಗೋಡೆಯಾಚೆ ಮಲಗಿದ್ದ ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಎಂಬ ಭಯಕ್ಕೆ ಸರ್ವಮಂಗಳ ಆ ಲೋಕದ ರೀತಿನೀತಿಗಳನ್ನೆಲ್ಲ ಕಲಿತಳು. ಹಾಡುಗಾರರ ಚಿತ್ರವಿರುವ ಫೋಟೋಕಾರ್ಡನ್ನು ಬರಿಗೈಯಲ್ಲಿ ಮುಟ್ಟಬಾರದು. ಎರಡಿದ್ದರೆ ಒಂದನ್ನು ಬದಲಾಯಿಸಿಕೊಳ್ಳಬೇಕು. ಸಾಕೆನಿಸಿದವರು ಐಡಿ ಅಳಿಸುವುದಿಲ್ಲ, ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಹುಟ್ಟುಹಬ್ಬ ತಮ್ಮದಲ್ಲ, ಹಾಡುಗಾರನದು ಮುಖ್ಯ.

ಮೊದಮೊದಲು ನೀಲಿಚುಕ್ಕಿ ಒಂದೆರಡು ಪದ ಬರೆದು ಸುಮ್ಮನಾಗುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಅವಳ ದನಿಯೇ ಬದಲಾಯಿತು. ಅಂಗಡಿಯಲ್ಲಿ ಕಂಡ ಮಗ್ಗು, ಟೀ ಶರ್ಟು, ಸ್ಟಿಕ್ಕರು ಎಲ್ಲದರ ಫೋಟೋ ಬರತೊಡಗಿದವು. ನಡುವೆ ಒಂದು ದಿನ: "ನಮ್ಮಮ್ಮ ಬೈತಾರೆ ಕಣೇ. ಆದ್ರೆ ಅವರಷ್ಟು ಒಳ್ಳೆಯವ್ರು ಇಲ್ಲ. ಅವ್ರು ಮಾಡೋ ಚಿತ್ರಾನ್ನ ತಿಂದ್ರೆ ಕೋಪ ಎಲ್ಲ ಇಳಿದುಹೋಗತ್ತೆ."

ಸರ್ವಮಂಗಳ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬೆಳಗ್ಗೆ ಚಿತ್ರಾನ್ನ ಮಾಡಿದಳು.

"ಮತ್ತೆ ಇದೇನಾ" ಎಂದು ಪಲ್ಲವಿ ತಟ್ಟೆ ಸರಿಸಿದಳು.

ತಾಯಿಗೆ ನಗು ಬಂತು. ಹುಡುಗಿ ಎಷ್ಟು ಚೆನ್ನಾಗಿ ಮುಚ್ಚಿಡುತ್ತಾಳೆ.

ನೀಲಿ ಕೂದಲಿನವನ ಒಂದು ಹಳೆಯ ಕಾರ್ಡು ಎಲ್ಲೂ ಸಿಗುತ್ತಿಲ್ಲ ಎಂದು ನೀಲಿಚುಕ್ಕಿ ಗೋಳಾಡಿದಾಗ ಸರ್ವಮಂಗಳ ಹಟಕ್ಕೆ ಬಿದ್ದು ಹುಡುಕಿಸಿದಳು. "ಮನೆಗೆ ಬೇಡ, ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ರ ತಿಮ್ಮೇಶಣ್ಣನ ಜೆರಾಕ್ಸ್ ಅಂಗಡಿಗೆ ಕಳ್ಸು. ಶನಿವಾರ ತಗೋತೀನಿ" ಎಂಬ ಉತ್ತರ ಬಂತು. ಅಮ್ಮನ ಕಣ್ಣು ತಪ್ಪಿಸಲು ಗುಬ್ಬಿಯವರೆಗೆ ಹೋಗುತ್ತಾಳಲ್ಲ ಎನಿಸಿತು. ಅನುಮಾನ ಬಾರದಿರಲೆಂದು ಸರ್ವಮಂಗಳ ತವರಿಗೆ ಹೋಗುವ ನೆಪ ಹೇಳಿ ಕುಣಿಗಲ್‌ನಿಂದಲೇ ಕೊರಿಯರ್ ಮಾಡಿದಳು.

ಶನಿವಾರ ಪಲ್ಲವಿ, "ಫ್ರೆಂಡ್ ಮನೇಲಿ ಓದ್ಕೋತೀನಿ" ಎಂದು ಹೊರಟಳು. ತುಸು ಹೊತ್ತಿಗೆ ಸರ್ವಮಂಗಳ ಮರಳೂರಿನ ಮನೆಯಿಂದ ಆಟೋ ಹಿಡಿದು ಬಸ್‌ಸ್ಟ್ಯಾಂಡ್ ಸೇರಿ ಗುಬ್ಬಿ ಬಸ್ ಹತ್ತಿದಳು. ಕವರು ಬಿಚ್ಚುವಾಗ ಮಗಳ ಮುಖ ಅರಳುವುದನ್ನು ದೂರದಿಂದ ಒಮ್ಮೆ ನೋಡಿದರೆ ಸಾಕಿತ್ತು.

ಅಂಗಡಿಯ ಮೂಲೆಯಲ್ಲಿ, ತಲೆ ಮೇಲೆ ಸೆರಗು ಹೊದ್ದು, ಆಧಾರ್ ಕಾರ್ಡಿನ ಜೆರಾಕ್ಸ್‌ಗೆಂದು ನಿಂತಳು. ಒಬ್ಬ ಹುಡುಗಿ ಓಡಿ ಬಂದಳು. ಪಲ್ಲವಿಯಲ್ಲ.

"ಬಂದ್ಯಾ ಮಂಜುಶ್ರೀ? ನಿನ್ ಕವರ್ ಬಂದು ಕೂತದೆ" ಎಂದ ತಿಮ್ಮೇಶ. "ಇದೇನ್ ಜೆರಾಕ್ಸ್ ಅಂಗ್ಡಿನೋ ಪೋಸ್ಟಾಫೀಸೋ?"

"ನಂಗೆ ಎರಡೂ ನೀನೇ ಕಣಣ್ಣ."

ಹುಡುಗಿ ಅಲ್ಲೇ ಕವರು ಹರಿದಳು. ಅವಳ ಮುಖ ಅರಳಿತು. ಗೆಳತಿಯನ್ನು ಕಳಿಸಿರಬೇಕು ಎಂದುಕೊಂಡ ಸರ್ವಮಂಗಳ ತಡೆಯಲಾರದೆ ಕೇಳಿದಳು.

"ಪಲ್ಲವಿ ಬರ್ಲಿಲ್ವೇನಮ್ಮ?"

"ಪಲ್ಲವಿ ಅಕ್ಕ ಗೊತ್ತಾ ಆಂಟಿ ನಿಮ್ಗೆ? ಕಾಲೇಜಲ್ಲಿ ನನ್ನ ಸೀನಿಯರ್ರು."

"ಗೊತ್ತು. ಮರಳೂರಲ್ಲಿ ನಮ್ಮ ಪಕ್ಕದ್ಮನೆ."

"ಅಕ್ಕ ಯಾಕ್ ಬರ್ತಾರೆ? ಇದು ನಂಗೇ ಬಂದಿರೋದು. ಅವ್ರ ಐಡಿನ ದೀಪಾವಳಿಲೇ ನಂಗೆ ಕೊಟ್ಬಿಟ್ರು."

ಸರ್ವಮಂಗಳ ದಿನಗಳ ಲೆಕ್ಕ ಹಾಕಿದಳು. ಅಂದರೆ ಚಿತ್ರಾನ್ನ ಈ ಹುಡುಗಿಯ ಅಮ್ಮನದು. ಇಷ್ಟು ದಿನ ಯಾರದೋ ಮಗಳ ಪ್ರೀತಿಗೆ ತಾನು ಕಣ್ಣೀರು ಹಾಕಿದ್ದು.

"ಯಾಕೆ, ಅವಳಿಗೆ ಬೇಜಾರಾಯ್ತಂತಾ?"

ಮಂಜುಶ್ರೀ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಅಯ್ಯೋ ಬೇಜಾರಲ್ಲ ಆಂಟಿ. ಅವರಮ್ಮ ರಿಯಾ ಅಂತ ಸುಳ್ಳು ಹೆಸ್ರಲ್ಲಿ ಸೇರ್ಕೊಂಡವ್ರೆ. 'ನೀನೇ ಮಾತಾಡ್ಸ್ಕೊ, ವಾರಕ್ಕೊಂದ್ಸಲ ಅಮ್ಮನ್ನ ಹೊಗಳಿಬಿಡು, ಆಗ ಅವ್ರು ನನ್ನ ತಂಟೆಗೆ ಬರಲ್ಲ' ಅಂತ ಅಕ್ಕನೇ ಐಡಿ ಕೊಟ್ಟಿದ್ದು. ಏನ್ ಬರೀಬೇಕು ಅಂತನೂ ಅವ್ರೇ ಹೇಳ್ಕೊಟ್ರು. ಪಾಪ, ಆ ಆಂಟಿ ಕಾರ್ಡೆಲ್ಲ ಕಳಿಸ್ತಾರೆ. ಯಾರಿಗೂ ಹೇಳ್ಬೇಡಿ, ಆಯ್ತಾ?"

"ಹೇಳಲ್ಲ ಬಿಡಮ್ಮ" ಎಂದಳು ಸರ್ವಮಂಗಳ. ಗಂಡನಿಗಿಲ್ಲ, ಪಲ್ಲವಿಗಂತೂ ಇಲ್ಲವೇ ಇಲ್ಲ. ಹೇಳಿದರೆ ಮಗಳು ಹೇಳಿಕೊಟ್ಟು ವಾರಕ್ಕೊಮ್ಮೆ ಬರುವ ಆ ಒಂದು ಸಾಲೂ ನಿಂತುಹೋಗುತ್ತದೆ.