ಇಳಿತದ ಅಳತೆ

ಬೆಳಿಗ್ಗೆ ಒಂಬತ್ತೂವರೆಗೆ ಕಡಲು ಮಂಕಾಳಿಯ ಮನೆಯಿಂದ ನಲವತ್ತೆಂಟು ಮೀಟರ್ ದೂರವಿತ್ತು. ಕಾನೂನಿನ ಪ್ರಕಾರ ಐವತ್ತು ಇರಬೇಕು. ಕಡಲು ವರ್ಷವರ್ಷವೂ ಒಳಬರುವುದರಿಂದ ಅಲ್ಲಿನ ಮನೆಗಳಿಗೆಲ್ಲ ಚಕ್ರಗಳಿದ್ದವು. ಕರಾವಳಿ ಇನ್‌ಸ್ಪೆಕ್ಟರ್ ಭಾಸ್ಕರ ಪಟಗಾರ ಟೇಪು ಸುತ್ತಿ ನೋಟಿಸ್ ಚಾಚಿದ.

"ಎರಡು ಮೀಟರ್ ಹಿಂದೆ ಎಳೀಬೇಕು, ಅಮ್ಮ."

"ಎಳದ್ರೆ ಹಿತ್ತಲ ಸಿಹಿನೀರ ಬಾವಿ ಮನೆಯಡಿಗೆ ಹೋತದೆ. ಪಕ್ಕದ ರೆಸಾರ್ಟಿಗೆ ಚಕ್ರನೇ ಇಲ್ವಲ್ಲ, ಸಾಹೇಬ್ರೆ?"

"ಅದು ಅರವತ್ತು ಮೀಟರ್ ದೂರ ಇದೆ. ನಾನೇ ಅಳೆದದ್ದು."

"ನೋಡಿದ್ದೆ. ಅವತ್ತು ನೀರು ಇಳಿದಿತ್ತು. ನಮ್ಮನೆಗೆ ಮಾತ್ರ ನೀರು ಉಕ್ಕೋ ಭರತ ನೋಡ್ಕಂಡೇ ಬತ್ರಿ."

ಭಾಸ್ಕರನ ಕಿವಿ ಬಿಸಿಯಾಯಿತು. ನೀರು ಉಕ್ಕಿದಾಗಲೇ ಅಳೆಯಬೇಕೆಂಬುದು ನಿಯಮ. ರೆಸಾರ್ಟಿನವರು ಹೇಳಿದ ಹೊತ್ತಿಗೆ ಹೋಗಿ, ಅವರು ಕೊಟ್ಟ ಎಳನೀರು ಕುಡಿದು, ಅರವತ್ತೆಂದು ಬರೆದುಕೊಂಡು ಬಂದಿದ್ದ. ಈಗ ಅದನ್ನು ತಿದ್ದಿದರೆ ಏಕೆ ತಿದ್ದಿದೆ ಎಂಬುದನ್ನೂ ಬರೆಯಬೇಕಿತ್ತು. ಅವನು ನೋಟಿಸನ್ನು ಮಂಕಾಳಿಯ ಕೈಗಿಟ್ಟ.

ಮನೆ ಎಳೆಯುವಾಗ ನೋಟಿಸ್ ಕೊಟ್ಟವನೂ ಕೈಹಾಕುವುದು ಊರ ವಾಡಿಕೆ. "ಹಿಡೀರಿ" ಎಂದು ಮಂಕಾಳಿ ಹಗ್ಗದ ತುದಿ ಕೊಟ್ಟಳು. ನೆರೆಯವರೊಂದಿಗೆ ಅವನೂ ಎಳೆದ.

ಹನ್ನೊಂದು ಗಂಟೆಗೆ ಮನೆ ಬಾವಿಯ ಮೇಲೆ ಬಂದು ನಿಂತಿತು. ಮಧ್ಯಾಹ್ನ ಮಂಕಾಳಿ ಕೊಡ ಹಿಡಿದು ರೆಸಾರ್ಟಿನ ನಲ್ಲಿಗೆ ಹೋದಳು.